ಸಮಸ್ಯೆ ಬೇಕಾಗಿದೆ

ವ್ಯಾಪಾರ ಶುರು ಮಾಡಲು ಮೊದಲು ದುಡ್ಡು ಬೇಕು ಎಂದು ಚಾಮರಾಜನಗರದ ನಮ್ಮಪ್ಪ ತಿಳಿದಿದ್ದರು. ನಾನೂ ಹಾಗೆಯೇ ತಿಳಿದುಕೊಂಡು, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಬಸ್ಸಿನ ಕಿಟಕಿಯಿಂದಲೇ ಕೈ ಮುಗಿದು, ಕೊಯಮತ್ತೂರಿಗೆ ಇಂಜಿನಿಯರಿಂಗ್ ಓದಲು ಹೋದೆ. ಅಲ್ಲಿ ಕಾಲೇಜಿನ ಇ-ಸೆಲ್‌ನವರು, ಅಂದರೆ ಉದ್ಯಮಶೀಲತಾ ಕೂಟದವರು, ನನ್ನ ಕಣ್ಣು ತೆರೆಸಿದರು. ದುಡ್ಡು ಆಮೇಲಿನ ಮಾತು, ಮೊದಲು ಬೇಕಾದದ್ದು ಸಮಸ್ಯೆ. ಅದು ದಷ್ಟಪುಷ್ಟವಾಗಿರಬೇಕು, ದೇಶವ್ಯಾಪಿಯಾಗಿರಬೇಕು, ಇನ್ನೂ ಯಾರ ಕೈಗೂ ಸಿಕ್ಕಿರಬಾರದು, ಮತ್ತು ಮೊಬೈಲ್ ಆಪ್ ಒಂದರಿಂದ ಬಗೆಹರಿಯುವಂತಿರಬೇಕು.

ವಿದ್ಯಾರ್ಥಿ ಉದ್ಯಮಿಗಳ ಪಿಚ್ ಸ್ಪರ್ಧೆಯ ನೋಟಿಸು ಕ್ಯಾಂಟೀನಿನ ಗೋಡೆಗೆ ಬಿದ್ದಾಗ ಕಾಲೇಜಿನಲ್ಲಿ ಜ್ವರ ಬಂದಂತಾಯಿತು. ತಂಡಕ್ಕೆ ಮೂವರು, ಐದು ನಿಮಿಷ, ಹತ್ತು ಸ್ಲೈಡು. ಈ ಜ್ವರದ ಮೂಲ ಅಮೆರಿಕ. ಟೆಕ್ಸಾಸ್ ವಿಶ್ವವಿದ್ಯಾಲಯದ ಎಂಬಿಎ ಹುಡುಗರು 1984ರಲ್ಲಿ 'ಮೂಟ್ ಕಾರ್ಪ್' ಎಂಬ ಸ್ಪರ್ಧೆ ಹೂಡಿದರು. ಕಾನೂನು ವಿದ್ಯಾರ್ಥಿಗಳು ಇಲ್ಲದ ಕೇಸಿಗೆ ವಾದ ಮಾಡಿ ಕಲಿಯುವ ಹಾಗೆ ಇವರು ಇಲ್ಲದ ಕಂಪನಿಗೆ ಬಂಡವಾಳ ಕೇಳಿ ಕಲಿತರು. 1998ರಲ್ಲಿ ಐಐಟಿ ಬಾಂಬೆಯವರು 'ಯುರೇಕಾ' ಎಂಬ ಇಂಥದೇ ಸ್ಪರ್ಧೆ ಶುರು ಮಾಡಿದರು. 2021ರ ಡಿಸೆಂಬರಿನಲ್ಲಿ 'ಶಾರ್ಕ್ ಟ್ಯಾಂಕ್ ಇಂಡಿಯಾ' ಟೀವಿಗೆ ಬಂದ ಮೇಲಂತೂ ಕೇಳುವುದೇ ಬೇಡ. ಪರೀಕ್ಷೆಗೆ ಗಡ್ಡ ಬೋಳಿಸದ ಹುಡುಗರೂ ಬ್ಲೇಜರ್ ಬಾಡಿಗೆಗೆ ತಂದರು.

ನಮ್ಮ ತಂಡದ ಪರಿಚಯ ಮಾಡಿಕೊಡುತ್ತೇನೆ. ಆ ಕಾಲೇಜಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ, ಊರೇ ಹೆಸರು. ಒಬ್ಬ 'ತಿರುಪ್ಪೂರು', ಅವನಪ್ಪನದು ಬನಿಯನ್ ಹೊಲಿದುಕೊಡುವ ಜಾಬ್ ವರ್ಕ್ ಶೆಡ್ಡು. ಇನ್ನೊಬ್ಬಳು 'ಸಿರುಮುಗೈ', ನೇಕಾರ ದೇವಾಂಗರ ಮನೆಯ ಹುಡುಗಿ. ಮನೆಮಾತು ಕನ್ನಡ, ಓದುಬರಹ ತಮಿಳು, ಪ್ರೋಗ್ರಾಮಿಂಗ್ ಪೈಥಾನ್. ಮೂರನೆಯವನು ನಾನು, 'ಮೈಸೂರು'. ನಮ್ಮದು ಚಾಮರಾಜನಗರ ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಕೊಯಮತ್ತೂರಿನವರ ಲೆಕ್ಕದಲ್ಲಿ ದಿಂಬಂ ಹತ್ತಿದರೆ ಅಲ್ಲಿಂದಾಚೆ ಇರುವುದೆಲ್ಲ ಮೈಸೂರೇ. ಪದವಿಗಳು ಸುಲಭವಾಗಿ ಹಂಚಿಹೋದವು. ಕೋಡ್ ಬರೆಯಲು ಬರುವ ಅವಳು ಸಿಟಿಒ. ಕೂಡು ಕಳೆ ಬರುವ ಅವನು ಸಿಎಫ್‌ಒ. ಇವೆರಡೂ ಬಾರದ ನಾನು ಸಿಇಒ.

ಕಷ್ಟ ಏನೆಂದರೆ, ಸಮಸ್ಯೆ ಹುಡುಕಲು ಕೊಯಮತ್ತೂರಿನಷ್ಟು ಕೆಟ್ಟ ಊರು ಇನ್ನೊಂದಿಲ್ಲ. ಹಿಂದಿನವರು ಒಂದನ್ನೂ ಉಳಿಸಿಲ್ಲ. ಸ್ಟೇನ್ಸ್ ಎಂಬ ಇಂಗ್ಲಿಷಿನವನು 1888ರಲ್ಲೇ ನೂಲಿನ ಗಿರಣಿ ಹಾಕಿಬಿಟ್ಟ. ಬಾವಿಯ ನೀರು ಆಳಕ್ಕೆ ಹೋಯಿತು ಎಂದಾಗ, ಆ ಹೊತ್ತಿಗೆ ಪೈಕಾರದ ಜಲವಿದ್ಯುತ್ತೂ ಬಂದಿದ್ದರಿಂದ, ಊರಿನವರು ಮೋಟಾರು, ಪಂಪು ಮಾಡಲು ಕೂತರು. ಜಿ. ಡಿ. ನಾಯ್ಡು ಅವರ ಕಥೆ ಕೇಳಿದರೆ ನಮ್ಮಂಥವರಿಗೆ ಕಣ್ಣೀರು ಬರಬೇಕು. ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದ ಮನುಷ್ಯ 1920ರಲ್ಲಿ ಒಂದು ಬಸ್ಸು ಕೊಂಡು ಪೊಳ್ಳಾಚಿ-ಪಳನಿ ನಡುವೆ ತಾನೇ ಓಡಿಸಿದರು. 1937ರ ಹೊತ್ತಿಗೆ ದೇಶದ ಮೊದಲ ಸ್ವದೇಶಿ ವಿದ್ಯುತ್ ಮೋಟಾರಿಗೂ ಅವರ ಕೈ ಸೇರಿತ್ತು. ಸಾಲದು ಎಂಬಂತೆ ರೇಜರನ್ನೂ ಮಾಡಿದರು. ಇಡ್ಲಿ ಹಿಟ್ಟು ರುಬ್ಬಿ ಕೈ ಸೋಲುತ್ತದೆ ಎಂಬ ಸಮಸ್ಯೆಯಾದರೂ ನಮಗೆ ಉಳಿಯಬಹುದಿತ್ತು. 1955ರಲ್ಲಿ ಪಿ. ಸಭಾಪತಿ ಎಂಬವರು ವೆಟ್ ಗ್ರೈಂಡರ್ ಕಂಡುಹಿಡಿದು ಅದನ್ನೂ ಕಿತ್ತುಕೊಂಡರು. ಈಗ ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಪಟ್ಟವೂ ಇದೆ.

ಇನ್ನು ಇದೇ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ. ಶಾಲೆ ಅರ್ಧಕ್ಕೆ ಬಿಟ್ಟವರು. ಹೆಂಡತಿ ಮುಟ್ಟಿನ ದಿನಗಳಿಗೆ ಹಳೇ ಬಟ್ಟೆ ಕೂಡಿಡುವುದು ಕಂಡು ಅಗ್ಗದ ಪ್ಯಾಡ್ ಮಾಡುವ ಯಂತ್ರದ ಹಿಂದೆ ಬಿದ್ದರು. ಹೆಂಡತಿ ಬಿಟ್ಟುಹೋದರು, ತಾಯಿ ಬಿಟ್ಟುಹೋದರು, ಊರು ಹುಚ್ಚ ಎಂದಿತು. 2006ರಲ್ಲಿ ಐಐಟಿ ಮದ್ರಾಸಿಗೆ ಹೋಗಿ ತೋರಿಸಿದಾಗ ಅಲ್ಲಿಯವರೇ ಅದನ್ನು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಪ್ರಶಸ್ತಿಗೆ ಕಳಿಸಿದರು, ಅದು ಗೆದ್ದಿತು. 2016ರಲ್ಲಿ ಪದ್ಮಶ್ರೀಯೂ ಬಂತು. ಇ-ಸೆಲ್ ಮೇಷ್ಟ್ರು ಪ್ರತಿ ತರಗತಿಯಲ್ಲೂ ಈ ಕಥೆ ಹೇಳುತ್ತಿದ್ದರು. ಅವರು ವರ್ಷಗಟ್ಟಲೆ ಪಟ್ಟ ಪಾಡನ್ನು ನಾವು ಬರುವ ಶುಕ್ರವಾರ ಸಂಜೆ ಐದರೊಳಗೆ ಪಿಡಿಎಫ್ ಮಾಡಿ ಕಳಿಸಬೇಕಿತ್ತು.

ಕೊನೆಗೆ ತಿರುಪ್ಪೂರು ಒಂದು ಸಮಸ್ಯೆ ತಂದ. "ನಮ್ಮೂರಲ್ಲಿ ಚಿಂದಿ ಬೇಕಾದಷ್ಟಿದೆ. ಕಟಿಂಗ್ ವೇಸ್ಟ್. ಮೂಟೆ ಮೂಟೆ." ನಮಗೆ ರೋಮಾಂಚನವಾಯಿತು. ತಿರುಪ್ಪೂರಿನ ನಿಟ್‌ವೇರ್ ರಫ್ತು ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿಯದು. 2024-25ರಲ್ಲಿ ಅದು 40,000 ಕೋಟಿ ದಾಟಿತು ಎಂದು ರಫ್ತುದಾರರೇ ಹೇಳಿಕೊಂಡಿದ್ದಾರೆ. ಅಷ್ಟು ಬನಿಯನ್ ಕತ್ತರಿಸುವ ಊರಿನಲ್ಲಿ ಚಿಂದಿ ಎಷ್ಟು ಬಿದ್ದಿರಬೇಡ! ಚಿಂದಿ ಇರುವವರನ್ನೂ ಬೇಕಾದವರನ್ನೂ ಆಪಿನಲ್ಲಿ ಕೂಡಿಸುವುದು ಎಂದು ತೀರ್ಮಾನವಾಯಿತು. ಆಪಿಗೆ ಹೆಸರಿಟ್ಟೆವು, ಹೆಸರಿಗೆ ಲೋಗೋ ಬರೆಸಿದೆವು, ಲೋಗೋಗೆ ಹಸಿರು ಬಣ್ಣ ಬಳಿದೆವು. ಆಮೇಲೆ ಚಿಂದಿ ನೋಡಲು ಹೊರಟೆವು.

ಅವನಪ್ಪನ ಶೆಡ್ಡು ಒಂದು ಗಲ್ಲಿಯ ಕೊನೆಯಲ್ಲಿತ್ತು. ತಗಡಿನ ಮಾಡು, ಒಳಗೆ ಓವರ್‌ಲಾಕ್ ಮೆಷಿನ್ನುಗಳ ಕಿರಿಕಿರಿ ಸದ್ದು, ನಡುವೆ ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ಬಟ್ಟೆ. ತಿರುಪ್ಪೂರಿನಲ್ಲಿ ಒಂದು ಬನಿಯನ್ನನ್ನು ಒಬ್ಬರೇ ಮಾಡುವುದಿಲ್ಲ. ನೂಲು ಒಬ್ಬರದು, ನಿಟ್ಟಿಂಗ್ ಇನ್ನೊಬ್ಬರದು, ಬಣ್ಣ ಮತ್ತೊಬ್ಬರದು, ಪ್ರಿಂಟು, ಕಟಿಂಗು, ಹೊಲಿಗೆ, ಚೆಕಿಂಗು, ಇಸ್ತ್ರಿ, ಪ್ಯಾಕಿಂಗು ಒಂದೊಂದೂ ಒಂದೊಂದು ಬೀದಿಯಲ್ಲಿ. ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿನ ಮೇಲೆ ಕೂತು ಊರೆಲ್ಲ ಸುತ್ತಿದ ಮೇಲೇ ಅದು ಹಡಗು ಹತ್ತುವುದು. ಹೊಲದಿಂದ ಬಂದು, ಬೇರೆಯವರ ಮೆಷಿನ್ನಿನ ಮುಂದೆ ಕೂಲಿ ಮಾಡಿ, ಆಮೇಲೆ ತಾವೇ ನಾಲ್ಕು ಮೆಷಿನ್ನು ಹಾಕಿಕೊಂಡ ಇಂಥ ಗೌಂಡರ್ ಸಮುದಾಯದ ಮಾಲೀಕರ ಮೇಲೆ ಶರದ್ ಚಾರಿ ಎಂಬ ವಿದ್ವಾಂಸರು 2004ರಲ್ಲಿ ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಗೆಳೆಯನ ಅಪ್ಪ ಅದನ್ನು ಓದಿರಲಿಲ್ಲ. ಅವರು ಅದರೊಳಗಿನವರು.

"ಚಿಂದಿ ಏನ್ಮಾಡ್ತೀರಿ?" ಎಂದು ಸಿಇಒ ಗತ್ತಿನಲ್ಲಿ ಕೇಳಿದೆ.

ಅವರು ಮೂಲೆಯ ಮೂಟೆಗಳ ಹತ್ತಿರ ಕರೆದೊಯ್ದರು. ಒಂದರಲ್ಲಿ ಬರೀ ಬಿಳಿ, ಇನ್ನೊಂದರಲ್ಲಿ ಬಣ್ಣದ್ದು, ಮತ್ತೊಂದರಲ್ಲಿ ಅಂಗೈ ಅಗಲಕ್ಕಿಂತ ದೊಡ್ಡ ತುಂಡುಗಳು, ಕೊನೆಯದರಲ್ಲಿ ಓವರ್‌ಲಾಕಿನ ಬ್ಲೇಡು ಕೊಯ್ದ ನೂಲಿನಂಥ ಎಳೆ. "ಬಿಳಿದಕ್ಕೆ ರೇಟು ಜಾಸ್ತಿ ಕಣ್ಣು" ಎಂದರು. ಕೊಯಮತ್ತೂರು ಸುತ್ತಿನ ಈ ಕೊಂಗುನಾಡಿನ ಹಿರಿಯರಿಗೆ ಹುಡುಗರೆಲ್ಲ 'ಕಣ್ಣು'ಗಳೇ. "ದೊಡ್ಡ ತುಂಡು ಮಕ್ಕಳ ಚಡ್ಡಿಗೆ ಹೋಗ್ತದೆ. ಸಣ್ಣದು ವರ್ಕ್‌ಶಾಪಿನವರು ಗ್ರೀಸ್ ಒರೆಸೋಕೆ ತಗೋತಾರೆ. ಬಣ್ಣದ್ದು ಮಿಲ್ಲಿಗೆ ಹೋಗಿ ಮತ್ತೆ ನೂಲಾಗ್ತದೆ. ವಾರಕ್ಕೊಮ್ಮೆ ಒಬ್ಬ ಬರ್ತಾನೆ, ತೂಕ ಹಾಕ್ತಾನೆ, ಕೈಮೇಲೆ ಕಾಸು ಕೊಡ್ತಾನೆ."

"ಹಾಗಾದ್ರೆ ವೇಸ್ಟು ಯಾವುದು?"

ಅವರು ಸುತ್ತ ನೋಡಿದರು, ನಿಜವಾಗಿಯೂ ಹುಡುಕಿದರು. ಆಮೇಲೆ, ನೋಯಿಸಬಾರದೆಂಬ ದನಿಯಲ್ಲಿ, "ಟೀ ಕುಡಿದ ಕಪ್ಪು" ಎಂದರು.

ನಮ್ಮ ಮುಖ ನೋಡಿ ಅವರಿಗೇ ಪಾಪ ಅನಿಸಿರಬೇಕು. ಬಸ್ ಸ್ಟ್ಯಾಂಡಿಗೆ ಬಿಡಲು ಬಂದಾಗ ನೊಯ್ಯಲ್ ಹೊಳೆಯ ಸೇತುವೆ ಮೇಲೆ ಗಾಡಿ ನಿಲ್ಲಿಸಿದರು. "ಸಮಸ್ಯೆ ಬೇಕಿದ್ರೆ ಇದನ್ನ ತಗೊಳ್ಳಿ" ಎಂದರು. ವೆಳ್ಳಿಂಗಿರಿ ಬೆಟ್ಟದಲ್ಲಿ ಹುಟ್ಟಿ ಕಾವೇರಿಗೆ ಸೇರುವ ಹೊಳೆ ತಿರುಪ್ಪೂರು ದಾಟುವಾಗ ಡೈಯಿಂಗ್ ನೀರು ಕುಡಿದು ಕೆಟ್ಟದ್ದು, ಕೆಳಗೆ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬೇಸಾಯದ ನೀರಿನ ಬದಲು ಬಣ್ಣದ ಕೊಳೆ ನಿಂತದ್ದು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ನೂರಾರು ಡೈಯಿಂಗ್ ಘಟಕಗಳಿಗೆ ಬೀಗ ಹಾಕಿಸಿದ್ದು, ಬಣ್ಣ ನಿಂತು ಹೊಲಿಗೆಯೂ ನಿಂತದ್ದು ಎಲ್ಲ ಹೇಳಿದರು. ಈಗ ಒಂದು ಹನಿಯನ್ನೂ ಹೊರಗೆ ಬಿಡಬಾರದು. ನೀರು ಸೋಸಿ, ಕಾಯಿಸಿ, ಮತ್ತೆ ಬಳಸಬೇಕು. ಕೊನೆಗೆ ಉಳಿಯುವ ಉಪ್ಪಿನ ರಾಶಿಯನ್ನು ಎಲ್ಲಿಡುವುದು ಎಂಬುದೇ ತಲೆನೋವು. ಹಿಂತಿರುಗಿ ಮೇಷ್ಟ್ರಿಗೆ ವರದಿ ಒಪ್ಪಿಸಿದೆವು. ಅವರು ಗಂಭೀರವಾಗಿ ಕೇಳಿಸಿಕೊಂಡು, "ಒಳ್ಳೆಯ ಸಮಸ್ಯೆ, ಆದರೆ ಐದು ನಿಮಿಷಕ್ಕೆ ಸ್ವಲ್ಪ ಜಾಸ್ತಿಯಾಯಿತು" ಎಂದರು.

ಸಿರುಮುಗೈ ತನ್ನ ಅಜ್ಜಿಯ ಮನೆಗೂ ಕರೆದೊಯ್ದಳು. ಭವಾನಿ ಹೊಳೆಯ ಬದಿಯ ನೇಕಾರರ ಊರು. ವಿಜಯನಗರದ ಕಾಲದಲ್ಲಿ ಈ ಕಡೆ ಬಂದೆವು ಎಂದು ಅವರ ಹಿರಿಯರು ಹೇಳುತ್ತಾರೆ. ಮನೆದೇವರು ಚೌಡೇಶ್ವರಿ, ಮಾತು ಇವತ್ತಿಗೂ ಕನ್ನಡ. "ಬಾ ಸಾಮಿ, ಉಣ್ಣು ಮೊದಲು" ಎಂದು ಅಜ್ಜಿ ಅಂದಾಗ ನನಗೆ ಊರಿನ ಜಗಲಿಯ ಮೇಲೆ ಕೂತಷ್ಟು ಖುಷಿಯಾಯಿತು. ಸಮಸ್ಯೆ ಹುಡುಕಿಕೊಂಡು ಬಂದಿದ್ದೇವೆ ಎಂದಾಗ ಅವರು ಕೋಳಿ ಕಳೆದುಕೊಂಡವರನ್ನು ವಿಚಾರಿಸುವ ಗಾಬರಿಯಲ್ಲಿ ನೋಡಿದರು. ವಿಷಯ ತಿಳಿದ ಮೇಲೆ ಉದಾರವಾಗಿ ಕೊಟ್ಟರು. ರೇಷ್ಮೆ ನೂಲಿನ ಬೆಲೆ ಏರಿದ್ದು, ಸೀರೆಗೆ ಬರಬೇಕಾದ ದುಡ್ಡು ಬಾರದ್ದು, ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ತಾತನ ಮಂಡಿ ಹಿಡಿದದ್ದು, ಮೊಮ್ಮಕ್ಕಳಲ್ಲಿ ಒಬ್ಬರೂ ಮಗ್ಗಕ್ಕೆ ಇಳಿಯದ್ದು. ಸಿಟಿಒ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಕೊನೆಯದನ್ನು ಮಾತ್ರ ತಲೆ ಎತ್ತದೆ ಟೈಪ್ ಮಾಡಿದಳು.

ಶುಕ್ರವಾರ ಬಂತು. ಬೇರೆ ದಾರಿಯಿಲ್ಲದೆ ಚಿಂದಿ ಆಪನ್ನೇ ಕಳಿಸಿದೆವು. ಆಯ್ಕೆಯೂ ಆಯಿತು, ಲೋಗೋ ಚೆನ್ನಾಗಿತ್ತು.

ಸ್ಪರ್ಧೆಯ ದಿನ ಬೆಳಿಗ್ಗೆ ಎಲ್ಲರಿಗೂ ಟೀಶರ್ಟ್ ಹಂಚಿದರು. ಬೆನ್ನ ಮೇಲೆ 'ಕೆಲಸ ಕೇಳುವವನಲ್ಲ, ಕೊಡುವವನು' ಎಂಬರ್ಥದ ಇಂಗ್ಲಿಷ್ ಘೋಷಣೆ. ನಾವೆಲ್ಲ ಹಾಕಿಕೊಂಡು ಸೆಲ್ಫಿ ತೆಗೆಯುತ್ತಿದ್ದರೆ ತಿರುಪ್ಪೂರು ಮಾತ್ರ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು, ಕತ್ತಿನ ಪಟ್ಟಿ ಎಳೆದು ಬಿಟ್ಟು, ಒಳಗಿನ ಹೊಲಿಗೆ ತಿರುಗಿಸಿ ನೋಡಿ, ಹೊಟ್ಟೆನೋವು ಬಂದವನ ಮುಖ ಮಾಡಿಕೊಂಡ.

ಸ್ಪರ್ಧೆಯಲ್ಲಿ ಎಲ್ಲರ ಮೂರನೇ ಸ್ಲೈಡೂ ಒಂದೇ. ಭಾರತದಲ್ಲಿ 140 ಕೋಟಿ ಜನ, ಅದರಲ್ಲಿ ಶೇ. 1ರಷ್ಟು ಜನ ನಮ್ಮ ಗಿರಾಕಿಗಳಾದರೂ ಸಾಕು. ಎಳನೀರು ಬಲಿತಿದೆಯೇ ಎಂದು ಫೋಟೋ ನೋಡಿ ಹೇಳುವ ಆಪಿನವರು ಆ ಶೇ. 1ನ್ನು ತಗೊಂಡರು. ನಾಯಿಗಳಿಗೆ ಹಾಸ್ಟೆಲ್ ಹುಡುಕಿಕೊಡುವವರು ಇನ್ನೊಂದು ಶೇ. 1 ತಗೊಂಡರು. ಮಧ್ಯಾಹ್ನದ ಊಟದ ಹೊತ್ತಿಗೆ ದೇಶದ ಜನಸಂಖ್ಯೆ ಸಾಕಷ್ಟು ಕರಗಿತ್ತು. ಪೊಳ್ಳಾಚಿಯ ಹುಡುಗನೊಬ್ಬ ನನ್ನ ಪಕ್ಕದಲ್ಲಿ ಕೂತು, "ನಮ್ಮ ತಾತ ಎಳನೀರನ್ನ ಬೆರಳ ಗಿಣ್ಣಲ್ಲಿ ಕುಟ್ಟಿ ಹೇಳ್ತಾನೆ, ಚಾರ್ಜಿಂಗೂ ಬೇಡ" ಎಂದು ಗೊಣಗಿದ.

ನಮ್ಮ ಸರದಿ ಬಂತು. ಐದು ನಿಮಿಷ ಗಂಟಲು ಹರಿದುಕೊಂಡೆ. ಗ್ರಾಫಿನ ಗೆರೆ ಐದನೇ ವರ್ಷದ ಹೊತ್ತಿಗೆ ಸ್ಲೈಡಿನಿಂದ ಹೊರಗೆ ಹೋಗುವಷ್ಟು ಏರಿತ್ತು. ತೀರ್ಪುಗಾರರಲ್ಲಿ ಒಬ್ಬರು ಫೌಂಡ್ರಿ ನಡೆಸುವ ಹಿರಿಯರು, ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು. ಅವರು ನನ್ನನ್ನು ಬಿಟ್ಟು ಸಿಎಫ್‌ಒ ಕಡೆ ತಿರುಗಿದರು.

"ಈಗ ಚಿಂದಿ ತಗೊಳ್ಳೋನು ದುಡ್ಡು ಯಾವಾಗ ಕೊಡ್ತಾನೆ ತಂಬಿ?"

"ಕೈಮೇಲೆ, ಸರ್."

"ನಿಮ್ಮ ಆಪು?"

"ಏಳು ದಿನದಲ್ಲಿ ಅಕೌಂಟಿಗೆ."

"ಕಮಿಷನ್ನು?"

"ಶೇಕಡಾ ಎಂಟು."

"ಹಾಗಾದ್ರೆ ಸ್ಟಾರ್ಟಪ್ಪು ಆ ಚಿಂದಿಯವನದೇ ಅಲ್ವಾ?" ಎಂದರು. ಸಭಾಂಗಣ ನಕ್ಕಿತು. ತಿರುಪ್ಪೂರೂ ನಕ್ಕ. ಅವನ ನಗುವಿನಲ್ಲಿ ಊರಿನ ಹೆಮ್ಮೆ ಇತ್ತು.

ಎಳನೀರಿನವರಿಗೆ ಮೊದಲ ಬಹುಮಾನ ಬಂತು. ಬಾಗಿಲಗಲದ ಫ್ಲೆಕ್ಸ್ ಚೆಕ್ಕನ್ನು ಮೂವರೂ ಹಿಡಿದು ಫೋಟೋ ತೆಗೆಸಿಕೊಂಡರು. ದುಡ್ಡು ಮೂರು ಕಂತಿನಲ್ಲಿ, ಪ್ರಗತಿ ವರದಿ ಒಪ್ಪಿಸಿದ ಮೇಲೆ ಎಂದು ಆಮೇಲೆ ತಿಳಿಯಿತು. ನಮಗೆ ಭಾಗವಹಿಸಿದ ಸರ್ಟಿಫಿಕೇಟು ಸಿಕ್ಕಿತು.

ಚಹಾದ ಹೊತ್ತಿಗೆ ಸಿಎಫ್‌ಒ ಕಾಣಿಸಲಿಲ್ಲ. ಹುಡುಕಿದರೆ ಬಜ್ಜಿಯ ಮೇಜಿನ ಪಕ್ಕ ಇ-ಸೆಲ್ ಮೇಷ್ಟ್ರ ಜೊತೆ ನಿಂತಿದ್ದ, ಕೈಯಲ್ಲಿ ಅವರದೇ ಟೀಶರ್ಟಿನ ಅಂಚು. "ಒಂದು ಸಲ ಒಗೆದು ನೋಡಿ ಸರ್, ಪಕ್ಕದ ಹೊಲಿಗೆ ಹೊಟ್ಟೆ ಮೇಲೆ ಬರ್ತದೆ. ಬಟ್ಟೆಗೆ ಕಾಂಪ್ಯಾಕ್ಟಿಂಗ್ ಸರಿಯಾಗಿ ಮಾಡಿಲ್ಲ. ತೂಕ 140 ಜಿಎಸ್‌ಎಂ ಇದ್ದರೆ ಹೆಚ್ಚು. ಇದಕ್ಕೆ ಎಷ್ಟು ಕೊಟ್ಟಿರಿ?" ಮೇಷ್ಟ್ರು ದನಿ ತಗ್ಗಿಸಿ ರೇಟು ಹೇಳಿದರು. ಅವನು ಅಯ್ಯೋ ಎಂದು ಎದೆ ಮುಟ್ಟಿಕೊಂಡ. "ಇದೇ ರೇಟಿಗೆ 180 ಜಿಎಸ್‌ಎಂ ಕೊಡ್ತೀನಿ. ಕಾಲೇಜಿನ ಸ್ಪೋರ್ಟ್ಸ್ ಡೇ ಯಾವಾಗ?"

ಮೇಷ್ಟ್ರು ಮುಂದಿನ ತಿಂಗಳು ಎಂದರು. ಎಲ್ಲಾ ಸೇರಿ ಮುನ್ನೂರು ಪೀಸ್ ಆಗಬಹುದು, ಆದರೆ ಬಿಲ್ ಪಾಸಾಗಲು ಮೂರು ತಿಂಗಳು ಹಿಡಿಯುತ್ತದಪ್ಪ ಎಂದರು. "ಅರ್ಧ ಅಡ್ವಾನ್ಸು ಸರ್, ಉಳಿದದ್ದು ಡೆಲಿವರಿ ದಿನ. ಇಲ್ಲದಿದ್ದರೆ ಅಪ್ಪ ಬಟ್ಟೆಗೆ ಕತ್ತರಿ ಹಾಕಲ್ಲ." ಸ್ಲೈಡಿಲ್ಲ, ಗ್ರಾಫಿಲ್ಲ, ದೇಶದ ಜನಸಂಖ್ಯೆಯ ಗೊಡವೆಯೇ ಇಲ್ಲ. ಬಜ್ಜಿ ಮುಗಿಯುವಷ್ಟರಲ್ಲಿ ಮೇಷ್ಟ್ರು ಒಪ್ಪಿದರು. ಕೊಟೇಷನ್ ಬರೆದುಕೊಡು, ಕಂಪನಿ ಹೆಸರೇನು ಎಂದು ಕೇಳಿದರು.

ತಿರುಪ್ಪೂರು ತಬ್ಬಿಬ್ಬಾದ. ಹುಟ್ಟಿದಾಗಿನಿಂದ ಅವನು ಅದನ್ನು 'ಶೆಡ್ಡು' ಎಂದಷ್ಟೇ ಕೇಳಿದ್ದ. ಅಲ್ಲೇ ಅಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಓವರ್‌ಲಾಕಿನ ಸದ್ದಿನ ನಡುವೆ ಅವರ ದನಿ ಬಂತು: "ಹೆಸರು ಆಮೇಲೆ ನೋಡೋಣ ಕಣ್ಣು, ಎಕ್ಸೆಲ್ ಎಷ್ಟು, ಲಾರ್ಜ್ ಎಷ್ಟು, ಮೊದಲು ಅದನ್ನ ಕೇಳು."