ಗಾಳಿ ಇರಲಿಲ್ಲ, ಅದಕ್ಕೇ

ವಿಲ್ಸನ್ ಗಾರ್ಡನ್ನಿನಲ್ಲಿ ಇರುವವರಿಗೆ ವ್ಯಾಯಾಮದ ವಿಷಯದಲ್ಲಿ ಒಂದು ದೊಡ್ಡ ಅನನುಕೂಲ ಇದೆ. ಲಾಲ್‌ಬಾಗ್ ತೀರಾ ಹತ್ತಿರ. ಸಿದ್ದಾಪುರದ ಗೇಟಿಗೆ ಹೋದರೂ ಅಷ್ಟೇ, ಡಬಲ್ ರೋಡಿನ ಗೇಟಿಗೆ ಹೋದರೂ ಅಷ್ಟೇ, ಕಾಲು ಗಂಟೆ ಇಪ್ಪತ್ತು ನಿಮಿಷದ ದಾರಿ. ಒಳಗೆ 240 ಎಕರೆ ನೆರಳು, 300 ಕೋಟಿ ವರ್ಷದ ಬಂಡೆ, ಬೆಳಿಗ್ಗೆ ನಡೆಯಲು ಬರುವವರಿಗೆ ಟಿಕೆಟ್ಟೂ ಇಲ್ಲ. ಇಷ್ಟೆಲ್ಲ ಪಕ್ಕದಲ್ಲಿ ಇಟ್ಟುಕೊಂಡು, "ಯಾಕ್ರೀ, ವಾಕಿಂಗ್ ಹೋಗ್ತಿಲ್ವಾ?" ಎಂದು ಡಾಕ್ಟರು ಕನ್ನಡಕದ ಮೇಲಿಂದ ನೋಡಿದರೆ ಏನು ಹೇಳುವುದು? ದೂರ ಅನ್ನುವ ಹಾಗಿಲ್ಲ. ದುಡ್ಡಿಲ್ಲ ಅನ್ನುವ ಹಾಗಿಲ್ಲ. 1760ರಲ್ಲಿ ತೋಟಕ್ಕೆ ಜಾಗ ನೋಡಿದ ಹೈದರಾಲಿ ಇನ್ನೊಂದು ಆರು ಮೈಲಿ ಆಚೆ ನೋಡಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಆದರೂ ಹಲವು ವರ್ಷ ನಿಭಾಯಿಸಿದೆ. ಮೊದಲು ಮಂಡಿನೋವು. ಆಮೇಲೆ ಬೀದಿನಾಯಿ. ಆಮೇಲೆ ಹತ್ತನೇ ಕ್ರಾಸಿನಲ್ಲಿ ರಸ್ತೆ ಅಗೆತ. ಇವೆಲ್ಲ ನಿಜವೇ. ಆದರೆ ಬೆಂಗಳೂರಿನಲ್ಲಿ ಎಲ್ಲರಿಗೂ ಇರುವ ನಿಜಕ್ಕೆ ನೆಪದ ಬೆಲೆ ಸಿಗುವುದಿಲ್ಲ. ನಮ್ಮ ಮನೆಯಾಕೆ ಒಂದೊಂದನ್ನೂ ಒಂದೊಂದೇ ಮಾತಿನಲ್ಲಿ ಮುಗಿಸಿದಳು. "ಮಂಡಿನೋವು ನಡೆದ್ರೇ ವಾಸಿಯಾಗೋದು." "ನಾಯಿ ಅಟ್ಟಿಸ್ಕೊಂಡ್ ಬರೋದು ಓಡೋರನ್ನ. ನೀವ್ಯಾವಾಗ ಓಡಿದ್ರಿ?" "ರಸ್ತೆ ಅಗೆದಿದಾರೆ ಅಂತ ದೋಸೆ ತಿನ್ನಕ್ಕೆ ಹೋಗೋದು ಬಿಟ್ಟಿದೀರಾ?"

ವಿಶ್ವ ಆರೋಗ್ಯ ಸಂಸ್ಥೆಯವರ ಮೇಲೂ ನನಗೆ ಸಿಟ್ಟಿದೆ. ಅವರು ಕೇಳುವುದು ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ದಿನಕ್ಕೆ ಇಪ್ಪತ್ತೆರಡು ನಿಮಿಷಕ್ಕೂ ಕಡಿಮೆ. ದಿನಕ್ಕೆ ನಾಲ್ಕು ಗಂಟೆ ಎಂದಿದ್ದರೆ "ಆಗಲ್ಲ ಸ್ವಾಮಿ" ಎಂದು ತಲೆಯೆತ್ತಿ ಹೇಳಬಹುದಿತ್ತು. ಇಷ್ಟು ಕಡಿಮೆ ಕೇಳಿ ಮರ್ಯಾದೆ ತೆಗೆಯುತ್ತಾರೆ. ಭಾರತದ ವಯಸ್ಕರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಅಷ್ಟೂ ಮೈ ಅಲುಗಿಸುವುದಿಲ್ಲ ಎಂದು 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ಲೆಕ್ಕ ಕೊಟ್ಟಿತು. ಆ ಅರ್ಧದಲ್ಲಿ ನಾನೂ ಇದ್ದೇನೆ ಎನ್ನುವುದು ಅಂತರರಾಷ್ಟ್ರೀಯ ಮಟ್ಟದಲ್ಲಿ ನನಗೆ ಸಿಕ್ಕಿರುವ ಒಂದೇ ಒಂದು ಮನ್ನಣೆ.

ಹೀಗಿರುವಾಗ ಮೇಲ್ಮನೆಗೆ ಬಾಡಿಗೆಗೆ ಒಬ್ಬ ಹುಡುಗ ಬಂದ. ಹೊರವರ್ತುಲ ರಸ್ತೆಯ ಕಂಪನಿಯಲ್ಲಿ ಕೆಲಸ. ಬಂದ ಮೊದಲ ಸೋಮವಾರವೇ ತಾರಸಿಯಲ್ಲಿ ನಮ್ಮ ಸಂಡಿಗೆಯ ಪಕ್ಕ, ಅಲ್ಲ, ಸಂಡಿಗೆಯ ಮೇಲೇ, ಏನನ್ನೋ ಒಣಹಾಕಿದ್ದ. 12 ಚದರ ಮೀಟರ್ ಬಟ್ಟೆ. ನಮ್ಮ ಲೆಕ್ಕದಲ್ಲಿ ಸುಮಾರು 130 ಚದರಡಿ. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಅಷ್ಟು ಜಾಗಕ್ಕೆ ಮೂರು ಮಂಚ ಹಾಕಿ ಮೂರು ಬಾಡಿಗೆ ತೆಗೆದುಕೊಳ್ಳುತ್ತಾರೆ.

"ಏನಪ್ಪಾ ಇದು, ಶಾಮಿಯಾನಾನಾ?" ಎಂದಳು ನನ್ನಾಕೆ.

"ಕೈಟ್ ಆಂಟಿ."

"ಗಾಳಿಪಟನಾ? ಬಾಲಂಗೋಚಿ ಎಲ್ಲಿ?"

"ಬಾಲಂಗೋಚಿ ನಾನೇ ಆಂಟಿ."

ಹುಡುಗ ಹೇಳಿದ್ದು ತಮಾಷೆಯಲ್ಲ, ಆ ಆಟದ ಸರಿಯಾದ ವಿವರಣೆ. ಕೈಟ್‌ಸರ್ಫಿಂಗಿನಲ್ಲಿ ಕಾಲಿಗೆ ಹಲಗೆ, ಸೊಂಟಕ್ಕೆ ದಪ್ಪ ಪಟ್ಟಿ, ಪಟ್ಟಿಯ ಕೊಕ್ಕೆಗೆ ಹಗ್ಗಗಳು, ಹಗ್ಗದ ಆ ತುದಿಗೆ ಪಟ. ಹಗ್ಗದ ಉದ್ದ 20ರಿಂದ 24 ಮೀಟರ್, ಅಂದರೆ 30-40 ಸೈಟಿನ ಉದ್ದವನ್ನು ಎರಡು ಸಲ ಅಳೆದಷ್ಟು. ಫ್ರಾನ್ಸಿನ ಲೆಗೆನ್ಯು ಸಹೋದರರು 1984ರಲ್ಲಿ ಗಾಳಿ ತುಂಬುವ ಅಂಚಿನ ಪಟಕ್ಕೆ ಪೇಟೆಂಟ್ ಕೇಳಿದರು. ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಮೇಲೇಳುವ ಪಟ ಅದು. ನಾವು ಚಿಕ್ಕಂದಿನಲ್ಲಿ ಪಟ ಆಡಿಸುತ್ತಿದ್ದೆವು, ಇಲ್ಲಿ ಪಟ ಮನುಷ್ಯನನ್ನು ಆಡಿಸುತ್ತದೆ. ಅದಕ್ಕೆ ಲಕ್ಷಗಟ್ಟಲೆ ಕೊಡಬೇಕು.

"ಫಿಟ್‌ನೆಸ್‌ಗೆ ಇದಕ್ಕಿಂತ ಬೇರೆ ಇಲ್ಲ ಅಂಕಲ್" ಎಂದ. "ಫುಲ್ ಬಾಡಿ ವರ್ಕೌಟ್."

"ಹೌದಾ? ಈ ತಿಂಗಳು ಎಷ್ಟು ಸಲ ಮಾಡಿದೆ?"

"ಈ ತಿಂಗಳು ಗಾಳಿ ಇರ್ಲಿಲ್ಲ ಅಂಕಲ್."

"ಹೋದ ತಿಂಗಳು?"

"ಹೋದ ತಿಂಗಳು ಗಾಳಿ ಜಾಸ್ತಿ ಇತ್ತು."

ಬೋಧಿವೃಕ್ಷದ ಕೆಳಗೆ ಕೂತವರಿಗೆ ಏನಾಗುತ್ತದೋ ಸಂಡಿಗೆ ಹಾಸಿನ ಪಕ್ಕ ನಿಂತಿದ್ದ ನನಗೆ ಅದೇ ಆಯಿತು. ಐವತ್ತೈದು ವರ್ಷ ನಾನು ಹುಡುಕುತ್ತಿದ್ದ ವ್ಯಾಯಾಮ ಇದೇ. ಮಾಡದೇ ಇದ್ದರೆ ತಪ್ಪು ನನ್ನದಲ್ಲ, ವಾಯುದೇವನದು!

ವ್ಯಂಗ್ಯ ಬರೆಯುವವನೂ ಲೆಕ್ಕ ಸರಿಯಾಗಿ ಒಪ್ಪಿಸಬೇಕು. ಆಟ ಒಳ್ಳೆಯದೇ. ತೊಡೆ, ಬೆನ್ನು, ಹೊಟ್ಟೆಯ ಸ್ನಾಯುಗಳು ಬಿಡುವಿಲ್ಲದೆ ಬಿಗಿದೇ ಇರುತ್ತವೆ, ಎದೆಬಡಿತ ಓಡುವವನ ಮಟ್ಟಕ್ಕೆ ಏರುತ್ತದೆ. ತೋಳು ಉಬ್ಬುತ್ತದೆ ಎಂದು ಹೋದವರಿಗೆ ಮಾತ್ರ ನಿರಾಸೆ. ಪಟದ ಎಳೆತವೆಲ್ಲ ಸೊಂಟದ ಪಟ್ಟಿಗೆ ಹೋಗುತ್ತದೆ, ಕೈ ಬರೀ ಸ್ಟಿಯರಿಂಗು. ಅದಕ್ಕಿಂತ ವಿಚಿತ್ರ, ಇದರಲ್ಲಿ ಹೆಚ್ಚು ಬೆವರು ಸುರಿಸುವವನು ಆಟ ಬಾರದವನು. ಬೀಳುತ್ತಾನೆ, ನೀರು ಕುಡಿಯುತ್ತಾನೆ, ಕಳಚಿಹೋದ ಹಲಗೆ ಹುಡುಕಿಕೊಂಡು ಈಜುತ್ತಾನೆ, ಗಾಳಿ ತಳ್ಳಿದಷ್ಟು ದೂರವನ್ನು ಪಟ ಹೊತ್ತುಕೊಂಡು ಮರಳಿನಲ್ಲಿ ನಡೆದು ವಾಪಸು ಬರುತ್ತಾನೆ. ಕಲಿತವನು ಗಾಳಿಗೆ ಮೈಕೊಟ್ಟು, ಆರಾಮಕುರ್ಚಿಯಲ್ಲಿ ಒರಗಿದ ಹಾಗೆ ಹಿಂದಕ್ಕೆ ವಾಲಿ ಹೋಗುತ್ತಿರುತ್ತಾನೆ. ಭಾರವೆಲ್ಲ ಇನ್ಯಾವುದೋ ಎಳೆಯುತ್ತಿರುತ್ತದೆ, ಇವನು ದಿಕ್ಕು ತೋರಿಸಿದರಾಯಿತು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಇದನ್ನೇ ಮಾಡಿದ ನನಗೆ ತರಬೇತಿಯ ಅಗತ್ಯವೇ ಬೀಳಲಿಕ್ಕಿಲ್ಲ.

ಇನ್ನು ಗಾಳಿ. ಅದರ ಜಾತಕ ಕೂಡಿಬರುವುದು ಮದುವೆಯ ಜಾತಕಕ್ಕಿಂತ ಕಷ್ಟ. ಗಂಟೆಗೆ 22 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಕಲಿಯುವವನ ಪಟ ಏಳುವುದು ಕಷ್ಟ, 45 ದಾಟಿದರೆ ಇವನೇ ಏಳುತ್ತಾನೆ. ವೇಗ ಸರಿಯಿದ್ದರೆ ದಿಕ್ಕು ನೋಡಬೇಕು. ಕಡಲಿನಿಂದ ನೆಟ್ಟಗೆ ದಡಕ್ಕೆ ಬೀಸಿದರೆ ಒಯ್ದು ತೆಂಗಿನ ಮರಕ್ಕೆ ಬಡಿಯುತ್ತದೆ. ದಡದಿಂದ ಕಡಲಿಗೆ ಬೀಸಿದರೆ ಹೋದವನು ಬರುವುದಿಲ್ಲ. ದಡದ ಗುಂಟ ಓರೆಯಾಗಿ ಬೀಸಬೇಕು. ಅದೂ ಶನಿವಾರ ಭಾನುವಾರವೇ ಬೀಸಬೇಕು, ಸೋಮವಾರ ಹತ್ತಕ್ಕೆ ಮೀಟಿಂಗು.

ಅಂಥ ಗಾಳಿ ಹುಡುಕಿ ಹುಡುಗ ಹೋಗುವುದು ರಾಮೇಶ್ವರಕ್ಕೆ. ಇಲ್ಲಿಂದ ಸುಮಾರು 600 ಕಿಲೋಮೀಟರ್. ಶುಕ್ರವಾರ ರಾತ್ರಿ ಕಾರಿನ ತಲೆಯ ಮೇಲೆ ಹಲಗೆ ಕಟ್ಟಿ ಹೊರಟರೆ ಹೋಗಲು ಹನ್ನೊಂದು ಗಂಟೆ, ಬರಲು ಹನ್ನೊಂದು ಗಂಟೆ, ಗಾಳಿಗೆ ಕಾಯುತ್ತ ದಡದಲ್ಲಿ ಐದಾರು ಗಂಟೆ. ಎಲ್ಲ ಕೂಡಿಬಂದರೆ ನೀರಿನ ಮೇಲೆ ಎರಡೂವರೆ ಗಂಟೆ, ಅಂದರೆ ಸರಿಯಾಗಿ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಚುಕ್ತಾ! ಅವರು ವಾರಕ್ಕೆ ಎಂದಿದ್ದಾರೆ, ಇವನಿಗೆ ಎರಡು ತಿಂಗಳಿಗೊಮ್ಮೆ ಆಗುತ್ತದೆ, ಅಷ್ಟೇ ವ್ಯತ್ಯಾಸ. ಕೂತು ಕೂತು ಬರುವ ಕಾಯಿಲೆಗೆ ಇಪ್ಪತ್ತೆಂಟು ಗಂಟೆ ಕೂತು ಔಷಧಿ ತರುವ ಕ್ರಮ ಇದು.

"ನಮ್ಮದೇ ಕಡಲಿಲ್ವಾ? ಮಂಗಳೂರಿಗೆ ಹೋಗು" ಎಂದೆ. ಅವನು ಮುಖ ಸಿಂಡರಿಸಿದ. ಮೂಲ್ಕಿಯಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ, ಶುರು ಮಾಡಿದ ಅಮೆರಿಕದ ಸ್ವಾಮಿಗೆ ಸರ್ಫಿಂಗ್ ಸ್ವಾಮಿ ಎಂದೇ ಹೆಸರು ಬಿತ್ತು. ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಆದರೆ ಅವರಿಗೆ ಬೇಕಿರುವುದು ಅಲೆ, ಇವನಿಗೆ ಗಾಳಿ. ಬೇಸಗೆಯಲ್ಲಿ ನೆಲ ಕಾದು ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಬಟ್ಟೆ ಒಣಗಿಸುವುದಕ್ಕೆ ಚೆನ್ನ. ನಿಜವಾದ ಗಾಳಿ ಬರುವುದು ಮುಂಗಾರಿನ ಜೊತೆ. ಆಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ತಲೆತಲಾಂತರದಿಂದ ಕಡಲು ಬಲ್ಲ ಮೊಗವೀರರು ದೋಣಿ ಮೇಲೆಳೆದು ಬಲೆ ಹೆಣೆಯುತ್ತ ಕೂರುವ ಹೊತ್ತಿನಲ್ಲಿ ವಿಲ್ಸನ್ ಗಾರ್ಡನ್ನಿನವನು ಹಲಗೆ ಹಿಡಿದು ಇಳಿದರೆ ಅವರು ನಗುವುದೂ ಇಲ್ಲ, ಪೊಲೀಸರಿಗೆ ಫೋನ್ ಮಾಡುತ್ತಾರೆ.

ನನ್ನ ನಂಬಿಕೆಗೆ ಮುದ್ರೆ ಒತ್ತಿದ್ದು ಪ್ಯಾರಿಸ್ ಒಲಿಂಪಿಕ್ಸ್. 2024ರಲ್ಲಿ ಈ ಆಟ ಮೊದಲ ಸಲ ಅಲ್ಲಿಗೆ ಹೋಯಿತು. ಸ್ಪರ್ಧೆ ಮಾರ್ಸೆಯ ಕಡಲಿನಲ್ಲಿ. ಜಗತ್ತಿನ ಅತಿ ಗಟ್ಟಿ ದೇಹಗಳು ಸಜ್ಜಾಗಿ ನಿಂತಿವೆ, ಗಾಳಿಯೇ ಇಲ್ಲ. ರೇಸುಗಳು ಮುಂದಕ್ಕೆ ಹೋದವು, ಕೆಲವು ರದ್ದಾದವು. ಕೊನೆಗೆ ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್, ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್ ಚಿನ್ನ ಗೆದ್ದರು ಅನ್ನಿ. ಆದರೆ ಒಲಿಂಪಿಕ್ಸಿನವರೇ "ಗಾಳಿ ಇಲ್ಲ" ಎಂದು ಕೂತದ್ದು ದಾಖಲೆಯಲ್ಲಿದೆ. ಇನ್ನೂ ಸಿಹಿಯಾದ ಸುದ್ದಿಯೊಂದಿದೆ. ಈ ರೇಸಿನಲ್ಲಿ ತೂಕ ಹೆಚ್ಚಿದ್ದವರಿಗೆ ಅನುಕೂಲ, ದೊಡ್ಡ ಎಳೆತವನ್ನು ಹಿಡಿದು ನಿಲ್ಲಲು ಮೈಯಲ್ಲಿ ಭಾರ ಬೇಕು. ಹಾಗಾಗಿ ಸ್ಪರ್ಧಿಗಳು ಪಟ್ಟುಹಿಡಿದು ತಿಂದು ತೂಕ ಏರಿಸಿಕೊಂಡರು. ಈ ಭಾಗವನ್ನು ನಾನು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದೆ. ಎರಡನೇ ಸಲ ಓದುವಾಗ ನನ್ನ ತಟ್ಟೆಯಲ್ಲಿದ್ದ ಎರಡನೇ ಒಬ್ಬಟ್ಟನ್ನು ಯಾರೋ ತೆಗೆದಿಟ್ಟಿದ್ದರು.

"ಅಷ್ಟು ದೂರ ಯಾಕೆ, ಇಲ್ಲೇ ಯಾವ ಕೆರೇನೂ ಇಲ್ವಾ?" ಎಂದು ಆಕೆ ಕೇಳಿದ್ದು ಸಹಜವಾಗಿಯೇ. ಇದ್ದವು. ವಿಲ್ಸನ್ ಗಾರ್ಡನ್ನಿನಿಂದ ಯಾವ ದಿಕ್ಕಿಗೆ ಹೊರಟರೂ ಒಂದೊಂದು ಇದ್ದವು. ನಮ್ಮೂರಿನವರು ಅವನ್ನು ಏನು ಮಾಡಿದರು ನೋಡಿ. ಸಂಪಂಗಿ ಕೆರೆ ಬತ್ತಿಸಿ ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ. ಕೋರಮಂಗಲದಲ್ಲಿ ಕೆರೆಯಂಗಳದ ಮೇಲೆ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕ್ರೀಡಾಗ್ರಾಮ. ನೀರಿದ್ದಲ್ಲೆಲ್ಲ ನೀರು ತೆಗೆದು ಆಟಕ್ಕೆ ಜಾಗ ಮಾಡಿಕೊಟ್ಟ ನಗರ ಇದು. ಧರ್ಮಾಂಬುಧಿ ಕೆರೆ ಒಂದು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಯಿತು, ಅಲ್ಲೂ ಬಸ್ಸಿನ ಹಿಂದೆ ಓಡುವವರಿಗೆ ವ್ಯಾಯಾಮಕ್ಕೆ ಕೊರತೆಯಿಲ್ಲ. ಆ ಕಡೆಯಿಂದಲೇ ಹೊರಡುವ ರಾಜಕಾಲುವೆ ನಮ್ಮ ಶಾಂತಿನಗರದ ಬೆನ್ನಿಗೆ ಹಾದು ಬೆಳ್ಳಂದೂರು ಕೆರೆಗೆ ಸೇರುತ್ತದೆ. ಬೆಳ್ಳಂದೂರಿನಲ್ಲಿ ನೀರಿದೆ, ಗಾಳಿಯೂ ಇದೆ. ಆದರೆ 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು, 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ಅಲ್ಲಿ ಹಲಗೆ ಇಳಿಸಿದರೆ ಕೊಬ್ಬು ಕರಗುವುದು ಖಂಡಿತ, ಎಷ್ಟು ಉಳಿಯುತ್ತದೆ ಅನ್ನುವುದೇ ಪ್ರಶ್ನೆ.

ಒಂದೇ ಒಂದು ಅವಕಾಶ ಬಂದಿತ್ತು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸು ಕೆರೆಗಳು ತಮ್ಮ ಜಾಗ ಕೇಳಿಕೊಂಡು ವಾಪಸು ಬಂದಾಗ, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಆಗ ನೀರು ರಾಮೇಶ್ವರಕ್ಕಿಂತ ಹತ್ತಿರ ಇತ್ತು. ನಮ್ಮ ಹುಡುಗ ಆಗಿನ್ನೂ ಆಟ ಕಲಿತಿರಲಿಲ್ಲವಂತೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ವಾಕಿಂಗ್ ನನಗೆ ಸರಿಹೋಗಲಿಲ್ಲ ಡಾಕ್ಟ್ರೇ. ಕೈಟ್‌ಸರ್ಫಿಂಗ್ ತಗೊಂಡಿದೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನನ್ನ ರಿಪೋರ್ಟಿಗಿಂತ ಹೆಚ್ಚು ಹೊತ್ತು ನೋಡಿದರು. ಬೀದಿಯಲ್ಲೂ ಹಾಗೆಯೇ ಆಯಿತು. ಹಾಲಿನ ಬೂತಿನ ಹತ್ತಿರ "ಹೇಗೆ ನಡೀತಿದೆ?" ಎಂದು ಗೌರವದಿಂದ ಕೇಳುವವರಾದರು. "ಈ ವಾರ ಗಾಳಿ ಇರಲಿಲ್ಲ" ಎನ್ನುತ್ತಿದ್ದೆ. ಅವರು ಆಕಾಶ ನೋಡಿ, ಹೌದೌದು ಎಂದು ತಲೆಯಾಡಿಸುತ್ತಿದ್ದರು. ಹುಡುಗ ಕಲಿಯುವವರ ಪುಟ್ಟ ಪಟವೊಂದನ್ನು ನನಗೆ ಕೊಟ್ಟಿದ್ದ. ಅದನ್ನು ಜಗುಲಿಯಲ್ಲಿ, ಬಂದವರಿಗೆ ಕಾಣುವ ಹಾಗೆ ಇಟ್ಟಿದ್ದೆ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಎಲೆ ಅಲುಗಲಿಲ್ಲ. ನಾನೂ ಅಲುಗಲಿಲ್ಲ.

ಮರೆತಿದ್ದು ಒಂದೇ, ಆಷಾಢ. ಕಡಲಿಲ್ಲದ ಈ ಊರಿಗೂ ವರ್ಷಕ್ಕೊಮ್ಮೆ ಗಾಳಿ ಬರುತ್ತದೆ. ದೊಡ್ಡಬಳ್ಳಾಪುರದವರು ಪಟ ಹಾರಿಸುವುದೇ ಆ ಗಾಳಿಗೆ. ಒಂದು ಬೆಳಿಗ್ಗೆ ತೆಂಗಿನ ಗರಿಗಳು ತಲೆಕೆದರಿಕೊಂಡು ಕುಣಿಯುತ್ತಿವೆ, ಪಕ್ಕದ ಮನೆಯ ತಗಡು ದಡಬಡ ಅನ್ನುತ್ತಿದೆ, ನನ್ನ ಒಂದು ಬನಿಯನ್ನು ಆಗಲೇ ಹೊಂಬೇಗೌಡ ನಗರದ ದಿಕ್ಕಿಗೆ ಹೋಗಿದೆ. ಆರು ಗಂಟೆಗೆ ಬಾಗಿಲು ಬಡಿದ ಸದ್ದು.

"ಅಂಕಲ್, ಗಾಳಿ ಬಂದಿದೆ! ಪಟ ತಗೊಳ್ಳಿ. ಮೊದಲು ನೆಲದ ಮೇಲೇ ಕಲೀಬೇಕು. ಮೈದಾನಕ್ಕೆ ನಡ್ಕೊಂಡೇ ಹೋಗೋಣ, ಬರೀ ಇಪ್ಪತ್ತು ನಿಮಿಷ."

ಅಡುಗೆಮನೆಯ ಬಾಗಿಲಲ್ಲಿ ನನ್ನಾಕೆ ಕೈಕಟ್ಟಿ ನಿಂತಿದ್ದಳು. ಇಷ್ಟು ಖುಷಿಯಾಗಿ ಅವಳನ್ನು ಮಗಳ ಮದುವೆಯಲ್ಲೂ ನೋಡಿರಲಿಲ್ಲ. ನಾನು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, ನಿಧಾನವಾಗಿ ಕನ್ನಡಕ ಹಾಕಿಕೊಂಡೆ.

"ಆಷಾಢ ಕಣಪ್ಪಾ. ಹೊಸದೇನೂ ಶುರು ಮಾಡೋ ಹಾಗಿಲ್ಲ. ಶ್ರಾವಣ ಬರ್ಲಿ."

"ಶ್ರಾವಣದಲ್ಲಿ ಗಾಳಿ ಇರುತ್ತಾ ಅಂಕಲ್?"

"ಇರಲ್ಲ" ಎಂದಳು ಆಕೆ. "ಅದಕ್ಕೇ."