ಚಿಲ್ಲರೆ ಇಲ್ಲದ ಕರುಣೆ

"ಅಣ್ಣ, ಯುದ್ಧದಲ್ಲಿ ಮನೆ ಕಳ್ಕೊಂಡ ಹೊರದೇಶದ ಮಕ್ಕಳಿಗೆ ಏನಾರ ಹಾಕಿ." ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಡಬ್ಬಿ ಗಲಗಲ ಎಂದರೆ ಉತ್ತರ ಸಿದ್ಧ: "ಮೊದ್ಲು ನಮ್ಮ ಹಾಡಿ ಸೋಲಿಗರ ಮಕ್ಕಳಿಗೆ ಮಾಡಿ ಕಣಪ್ಪ." "ಸರಿ ಅಣ್ಣ, ಅವರಿಗೇ ಕೊಡಿ." "ಚಿಲ್ಲರೆ ಇಲ್ಲ!"

'ಮೊದಲು ನಮ್ಮವರು' ಎಂಬ ವಾದದ ಗುಟ್ಟು ಆ ಚಿಲ್ಲರೆಯಲ್ಲೇ ಇದೆ. ಕರುಣೆಗೆ ಬೇಲಿ ಹಾಕಿದವರ ಜೇಬು ಬೇಲಿಯೊಳಗೂ ಬಿಚ್ಚುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗಾಗಿ ದುಡಿದ ಡಾ. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಕೊಟ್ಟದ್ದು ಸ್ವೀಡನ್ನಿನ ಸಂಸ್ಥೆ. ಆ ಸ್ವೀಡನ್ನಿನವರೂ 'ಮೊದಲು ನಮ್ಮವರು' ಎಂದಿದ್ದರೆ? ನಾವೂ ಹಾಗೆಯೇ ಎಂದಿದ್ದರೆ ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಸಿಕ್ಕುತ್ತಿತ್ತೆ? ಹಣ ಸೋರಿಹೋದೀತೆಂಬ ಆಕ್ಷೇಪ ನ್ಯಾಯವೇ; ಅದಕ್ಕೆ ರಸೀದಿ ಕೇಳಬೇಕು, ಲೆಕ್ಕ ಕೇಳಬೇಕು, ಮುಖ ತಿರುಗಿಸುವುದಲ್ಲ. ಚಿಲ್ಲರೆ ಇಲ್ಲದವರಿಗೆಂದು ಈಗ ಡಬ್ಬಿಗೆ ಕ್ಯೂಆರ್ ಕೋಡೂ ಅಂಟಿದೆ.

"ನೆಟ್‌ವರ್ಕ್ ಇಲ್ಲ ಕಣಪ್ಪ!"