ನಂದಿಬೆಟ್ಟದ ಕಾಂಗರೂ

ಆಸ್ಟ್ರೇಲಿಯಾದ ಯಾವುದೋ ಹಳ್ಳಿಯೂರಿಗೆ ಪ್ರವಾಸ ಹೋಗಿದ್ದ ಮಗ ವಿಡಿಯೋ ಕಾಲ್ ಮಾಡಿದ. “ಅಪ್ಪಾ, ಬೆಟ್ಟ ನೋಡು, ನೀಲಗಿರಿ ಮರ ನೋಡು! ಮೂರು ಗಂಟೆ ಕಾರಲ್ಲಿ ಬಂದ್ವಿ, ಒಂದು ನರಪಿಳ್ಳೆ ಎದುರಾಗಲಿಲ್ಲ.” “ಹೆಬ್ಬಾಳ ದಾಟೋಕೂ ಮೂರು ಗಂಟೆ ಹಿಡಿಯುತ್ತೆ ಕಣೋ, ಆದರೆ ಊರಿಗೂರೇ ಎದುರಾಗುತ್ತೆ” ಅಂದೆ.

ಹೊಟ್ಟೆಕಿಚ್ಚು ಸುಮ್ಮನಿರುತ್ತದೆಯೇ? ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಹೆಂಡತಿಯನ್ನು ಎಬ್ಬಿಸಿ ಯಲಹಂಕದಿಂದ ನಂದಿಬೆಟ್ಟಕ್ಕೆ ಹೊರಟೆ. 1478 ಮೀಟರ್ ಎತ್ತರ ಏರಿದರೂ ಸೂರ್ಯನಿಲ್ಲ, ಬರೀ ಮಂಜು. ಮಂಜು ಸರಿದರೆ ಮುಂದೆ ಸೆಲ್ಫಿ ಕೋಲುಗಳ ಕಾಡು! ಪೆನ್ನಾರ್, ಪಾಲಾರ್, ಅರ್ಕಾವತಿ ಹುಟ್ಟೋದು ಈ ಬೆಟ್ಟಸಾಲಿನಲ್ಲೇ ಎಂದು ಭೂಗೋಳ ಶುರುಮಾಡಿದೆ. “ನದಿ ಇರಲಿ, ಕಾಫಿ ಎಲ್ಲಿ ಹುಟ್ಟುತ್ತೆ ಹೇಳಿ” ಎಂದಳು.

ಅಷ್ಟರಲ್ಲಿ ಕೋತಿಯೊಂದು ಚುರುಮುರಿ ಪೊಟ್ಟಣ ಕಸಿದು ನೀಲಗಿರಿ ಮರ ಏರಿತು. ಆಸ್ಟ್ರೇಲಿಯಾದ ಈ ಮರವನ್ನು 1790ರ ಸುಮಾರಿಗೆ ಟಿಪ್ಪು ಇಲ್ಲಿ ನೆಡಿಸಿದನಂತೆ. ತಕ್ಷಣ ಫೋಟೊ ತೆಗೆದು ಮಗನಿಗೆ ಕಳಿಸಿದೆ: “ನಿನ್ನ ಆಸ್ಟ್ರೇಲಿಯಾ ಇನ್ನೂರು ವರ್ಷದ ಹಿಂದೆಯೇ ವೀಸಾ ಇಲ್ಲದೆ ಇಲ್ಲಿಗೆ ಬಂದಿದೆ!”

ಉತ್ತರ ಬಂತು: “ಸರಿ ಅಪ್ಪಾ, ಮರದ ಮೇಲಿರೋ ಕಾಂಗರೂ ಯಾಕೆ ಇಷ್ಟು ಬಡಕಲು?”